ನಕ್ಕರೆ ನಮ್ಮೂರವ!

ಗುಬ್ಬಿ ವೀರಣ್ಣ, ನರಸಿಂಹರಾಜು ಅಂಥವರನ್ನು ಕೊಟ್ಟ ತೆಂಗಿನ ಸೀಮೆಯ ಮಕ್ಕಳು ಈಗ ಬೆಂಗಳೂರಿನಿಂದ ಟೆಕ್ಸಾಸ್‌ವರೆಗೆ ಚದುರಿದ್ದಾರೆ. ಪರದೇಶದ ಪಂಜಾಬಿಗಳು ರೇಡಿಯೊದ ಮಾತು, ನಗೆಗಳಲ್ಲಿ ತಮ್ಮ ಊರನ್ನು ಉಳಿಸಿಕೊಂಡರು. ಆ ದಾರಿ ನಮಗೂ ಇದೆಯೇ?

"ಕೊಬ್ಬರಿ ರೇಟ್ ಎಷ್ಟಾಯ್ತಣ್ಣ?"

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು ಯಾವ ದೇಶದಿಂದ ಊರಿಗೆ ಫೋನ್ ಮಾಡಿದರೂ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವನು ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರಬಹುದು. ಅವನ ಪಾಲಿನ ತೋಟ ಅಣ್ಣನ ಸುಪರ್ದಿನಲ್ಲಿರಬಹುದು. ಕೊಬ್ಬರಿ ಏರಿದರೂ ಇಳಿದರೂ ಅವನ ಜೇಬಿಗೆ ಒಂದು ರೂಪಾಯಿ ವ್ಯತ್ಯಾಸ ಆಗದಿರಬಹುದು. ಆದರೂ ಕೇಳುತ್ತಾನೆ. ಆ ಕಡೆಯಿಂದ ಉತ್ತರವೂ ಬರಿಯ ಅಂಕಿಯಲ್ಲಿ ಬರುವುದಿಲ್ಲ. "ನಾವು ಮಾರಿದ್ ಮಾರನೇ ವಾರಕ್ಕೆ ಸರಿಯಾಗಿ ಏರೈತೆ ಕಣಪ್ಪ. ಊರೋರೆಲ್ಲ ಈಗ ನಮ್ಮನೇನೇ ಕಾಯ್ತಾ ಕೂತವ್ರೆ, ಇವ್ರು ಯಾವಾಗ ಮಾರ್ತಾರೆ, ನಾವು ಯಾವಾಗ ಇಟ್ಕಳನ ಅಂತ" ಎನ್ನುತ್ತಾರೆ ಅಣ್ಣ. ಎರಡೂ ಕಡೆ ನಗು.

ಪಕ್ಕದಲ್ಲಿ ಕೂತ, ಅಲ್ಲೇ ಹುಟ್ಟಿದ ಮಗ "ಯಾಕೆ ನಕ್ಕೆ?" ಎಂದು ಕೇಳುತ್ತಾನೆ. ಅಪ್ಪ ವಿವರಿಸಲು ಕೂರುತ್ತಾನೆ. ಕೊಬ್ಬರಿ ಎಂದರೇನು, ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಯಾಕೆ ಕೂರುತ್ತದೆ, ತಿಪಟೂರು ಮಾರುಕಟ್ಟೆಯಲ್ಲಿ ಹರಾಜು ಹೇಗೆ ನಡೆಯುತ್ತದೆ, ದೊಡ್ಡಪ್ಪನಿಗೆ ಪ್ರತಿ ಸಲ ರೇಟು ಯಾಕೆ ಕೈಕೊಡುತ್ತದೆ. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ನಗೆ ಆವಿಯಾಗಿರುತ್ತದೆ. ಹೊರಗೆ ಹೋದ ಕುಟುಂಬಗಳ ತೊಡಕು ಇಷ್ಟರಲ್ಲೇ ಇದೆ.

ಕನ್ನಡ ಸರಿಯಾಗಿ ಬಾರದ ಮಗುವೂ ಹಬ್ಬದ ಹೋಳಿಗೆ ತಿನ್ನುತ್ತದೆ. ಅರ್ಥ ತಿಳಿಯದೆಯೂ ದೇವರನಾಮಕ್ಕೆ ತಾಳ ಹಾಕುತ್ತದೆ. ರಾಜ್ಯೋತ್ಸವದ ದಿನ ಹಳದಿ, ಕೆಂಪು ಶಾಲು ಹೊದ್ದು ನಾಡಗೀತೆಗೆ ತುಟಿ ಆಡಿಸುತ್ತದೆ. ನಗೆಯಲ್ಲಿ ಈ ಕಳ್ಳಾಟ ನಡೆಯುವುದಿಲ್ಲ. ಮಾತು ಗೊತ್ತಿರಬೇಕು, ಆಡಿದವರ ಸ್ವಭಾವ ಗೊತ್ತಿರಬೇಕು, ಅವರ ಊರಿನ ರೀತಿ ನೀತಿ ಗೊತ್ತಿರಬೇಕು. ಮೂರೂ ಒಂದೇ ಗಳಿಗೆಯಲ್ಲಿ ಕೂಡಿಬಂದರೆ ನಗು. ಪರದೇಶದಲ್ಲಿ ಬೆಳೆದ ಮೊಮ್ಮಗಳು ಅಜ್ಜಿಯ ಕುಹಕಕ್ಕೆ ಯಾರ ಸಹಾಯವೂ ಇಲ್ಲದೆ ನಕ್ಕಳು ಎಂದರೆ ಅವಳು ಕನ್ನಡದ ಪರೀಕ್ಷೆ ಪಾಸಾದ ಹಾಗೆ.

ನಗೆಗಾರರ ಸೀಮೆ

ಈ ವಿಷಯಕ್ಕೆ ತೆಂಗಿನ ಸೀಮೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಕನ್ನಡದ ಜನಪ್ರಿಯ ಹಾಸ್ಯದ ಅರ್ಧ ಚರಿತ್ರೆ ತುಮಕೂರು ಜಿಲ್ಲೆಯ ಈ ಪಟ್ಟಿಯಲ್ಲೂ ಅದರ ಅಕ್ಕಪಕ್ಕದಲ್ಲೂ ನಡೆದಿದೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವನ್ನು ನಾಡಿನ ದೊಡ್ಡ ಕಂಪನಿಯಾಗಿ ಬೆಳೆಸಿದ ಗುಬ್ಬಿ ವೀರಣ್ಣ (1891–1972) ಮೂಲತಃ ಹಾಸ್ಯನಟ. 'ಸದಾರಮೆ'ಯ ಕಳ್ಳನ ಪಾತ್ರ ಅವರಿಗೆ ಎಂಥ ಹೆಸರು ತಂದಿತೆಂದರೆ, ನಾಟಕದ ಕಥೆ ಮರೆತವರಿಗೂ ಆ ಕಳ್ಳ ನೆನಪಿದ್ದ.

ತಿಪಟೂರಿನಲ್ಲೇ 1923ರ ಜುಲೈ 24ರಂದು ಹುಟ್ಟಿದವರು ಟಿ.ಆರ್. ನರಸಿಂಹರಾಜು. ನಾಲ್ಕು ವರ್ಷದ ಹುಡುಗನಾಗಿದ್ದಾಗಲೇ ಸಿ.ಬಿ. ಮಲ್ಲಪ್ಪನವರ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿ, ಗುಬ್ಬಿ ಕಂಪನಿಯಲ್ಲಿ ಪಳಗಿ, 1954ರ 'ಬೇಡರ ಕಣ್ಣಪ್ಪ'ದಿಂದ ಸಿನಿಮಾಕ್ಕೆ ಬಂದರು. ಅದೇ ಚಿತ್ರದಿಂದ ರಾಜ್‌ಕುಮಾರ್ ಕೂಡ ನಾಯಕರಾದರು. 'ಸತ್ಯ ಹರಿಶ್ಚಂದ್ರ'ದ ನಕ್ಷತ್ರಿಕನಾಗಿ, ತಾವೇ ನಿರ್ಮಿಸಿದ 'ಪ್ರೊಫೆಸರ್ ಹುಚ್ಚೂರಾಯ'ನಾಗಿ ಅವರು ನಗಿಸಿದ್ದನ್ನು ಒಂದು ಇಡೀ ತಲೆಮಾರು ಇನ್ನೂ ಬಾಯಲ್ಲಿ ಇಟ್ಟುಕೊಂಡಿದೆ. ಅವರ ಜೋಡಿಯಾಗಿ ತೆರೆಯ ಮೇಲೆ ಮಿಂಚಿದ ಟಿ.ಎನ್. ಬಾಲಕೃಷ್ಣ ಪಕ್ಕದ ಅರಸೀಕೆರೆಯ ಕಡೆಯವರು. ಕಿವಿ ಮಂದವಿದ್ದರೂ ಎದುರಿನವರ ತುಟಿ ನೋಡಿ ಮಾತಿಗೆ ಮಾತು ಕೊಟ್ಟವರು. ತಿಪಟೂರು ತಾಲ್ಲೂಕಿನ ಹೊನ್ನವಳ್ಳಿಯನ್ನು ಹೆಸರಿನಲ್ಲೇ ಹೊತ್ತ ಹೊನ್ನವಳ್ಳಿ ಕೃಷ್ಣ ಇದ್ದಾರೆ. 2008ರಲ್ಲಿ ತುರುವೇಕೆರೆಯಿಂದ ವಿಧಾನಸಭೆಗೆ ಆಯ್ಕೆಯಾದ ಜಗ್ಗೇಶ್ ಕೂಡ ಇದೇ ಜಿಲ್ಲೆಯ ಹಾಸ್ಯನಟ.

ನಗೆ ಇಲ್ಲಿ ರಂಗ, ಸಿನಿಮಾಗಳಿಗೆ ಮಾತ್ರ ಮೀಸಲಾಗಿರಲಿಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರನ್ನು ನಾವು 'ಭಾರತೀಯ ಕಾವ್ಯಮೀಮಾಂಸೆ'ಯ ಗಂಭೀರ ಪಂಡಿತರೆಂದು ನೆನೆಯುತ್ತೇವೆ. ಅದೇ ಕೈ 'ನಂಟರು' ಎಂಬ ಲಲಿತ ಪ್ರಬಂಧಗಳ ಪುಸ್ತಕವನ್ನೂ ಬರೆಯಿತು. ನೆಂಟರಿಷ್ಟರ ಬಗ್ಗೆ ನಗುವ ಹಕ್ಕು ಈ ಸೀಮೆಯ ಪಂಡಿತರಿಗೂ ಪಾಮರರಿಗೂ ಸಮವಾಗಿ ಸಿಕ್ಕಿದೆ.

ಇಲ್ಲಿನ ನಗೆಯ ಜೀವಾಳವೇ ನೆಂಟಸ್ತಿಕೆ ಮತ್ತು ತೆಂಗು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗಲು ಸುಮಾರು ವರ್ಷವೇ ಹಿಡಿಯುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಉರುಳುವ ಸದ್ದು ಕೇಳಬೇಕು. "ಕಾಯಿ ಒಣಗಿದ್ ಮೇಲೆ ಸದ್ದು ಮಾಡ್ತದೆ, ನಮ್ ಬಾವ ಹಸಿ ಇದ್ದಾಗ್ಲಿಂದ್ಲೂ ಮಾಡ್ತಾವ್ನೆ" ಎಂಬ ಮಾತನ್ನು ಈ ಕಡೆಯ ಯಾವ ಮದುವೆ ಮನೆಯಲ್ಲಿ ಆಡಿದರೂ ನಗು ಗ್ಯಾರಂಟಿ. ವರ್ಷವಿಡೀ ಕಾದು, ಮಾರುವ ದಿನ ಬೆಲೆ ಏನಿರುತ್ತದೋ ಗೊತ್ತಿಲ್ಲದೆ ಬದುಕುವವರು ನಗದೆ ಇರುವುದಾದರೂ ಹೇಗೆ? 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ ಕುಸಿದಿತ್ತು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿ ಓಡಿತು. ಆಗ ಅಟ್ಟ ಖಾಲಿ ಇದ್ದವರ ಬಾಯಲ್ಲಿ ಹುಟ್ಟಿದ ಮಾತುಗಳನ್ನು ಯಾರಾದರೂ ಬರೆದಿಟ್ಟಿದ್ದರೆ ಒಂದು ಹಾಸ್ಯಕೋಶವೇ ಆಗುತ್ತಿತ್ತು.

ಮುಖವಿಲ್ಲದ ನಗೆ

ರೇಡಿಯೊಗೂ ಕನ್ನಡದ ಹಾಸ್ಯಕ್ಕೂ ನಂಟು ಹಳೆಯದು. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 30 ವ್ಯಾಟ್ ಶಕ್ತಿಯ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ತಮ್ಮ ಮನೆಯಿಂದಲೇ ಬಾನುಲಿ ಶುರು ಮಾಡಿದರು. ಸರ್ಕಾರದ ದುಡ್ಡಿಲ್ಲ, ಕಂಪನಿಯ ಬಂಡವಾಳವಿಲ್ಲ. ಊರಿನವರು ಊರಿನವರಿಗಾಗಿ ನಡೆಸಿದ ಕೇಂದ್ರ. ಇಂದಿನ ಲೆಕ್ಕದಲ್ಲಿ ಅದನ್ನು ಸಮುದಾಯ ಬಾನುಲಿ ಎಂದೇ ಕರೆಯಬೇಕು. ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಸೂಚಿಸಿದವರು ನಾ. ಕಸ್ತೂರಿ ಎಂಬುದು ಕನ್ನಡಿಗರು ಹೆಮ್ಮೆಯಿಂದ ಹೇಳುವ ಮಾತು. ಈ ಕಸ್ತೂರಿಯವರೇ 'ಅನರ್ಥಕೋಶ' ಬರೆದು ನಗಿಸಿದವರು, ರಾಶಿಯವರು 1942ರಲ್ಲಿ ಆರಂಭಿಸಿದ 'ಕೊರವಂಜಿ' ಹಾಸ್ಯ ಪತ್ರಿಕೆಯ ಬಳಗದವರು.

1955ರ ನವೆಂಬರ್‌ನಲ್ಲಿ ಬೆಂಗಳೂರು ಕೇಂದ್ರ ಬಂತು. ತೆಂಗಿನ ಸೀಮೆಯ ಹಳ್ಳಿಗಳಲ್ಲಿ ಪಂಚಾಯ್ತಿ ಕಟ್ಟೆಯ ರೇಡಿಯೊ, ಆಮೇಲೆ ತೋಟದ ಮನೆಯ ಟ್ರಾನ್ಸಿಸ್ಟರ್ ಸಂಜೆಯ ಹೊತ್ತಿಗೆ ಜನರನ್ನು ಸೇರಿಸಿದವು. ರೈತರಿಗೆ ಗೊಬ್ಬರ, ಬಿತ್ತನೆ, ಔಷಧಿಯ ಮಾತನ್ನು ನೇರವಾಗಿ ಹೇಳಿದರೆ ಯಾರೂ ಕೇಳುವುದಿಲ್ಲ ಎಂದು ಬಾನುಲಿಯವರಿಗೆ ಬೇಗ ಗೊತ್ತಾಯಿತು. ಅದನ್ನು ಹಳ್ಳಿಯ ಮಾತುಗಾರರ ಬಾಯಲ್ಲಿ, ಕೀಟಲೆ, ಅಡ್ಡ ಪ್ರಶ್ನೆಗಳ ಜೊತೆ ಹಾಕಿದರು. 'ಆಕಾಶವಾಣಿ ಈರಣ್ಣ' ಎಂದೇ ಹೆಸರಾದ ಎ.ಎಸ್. ಮೂರ್ತಿಯವರನ್ನು ಮುಖ ನೋಡಿ ಗುರುತಿಸಿದವರಿಗಿಂತ ದನಿ ಕೇಳಿ ಗುರುತಿಸಿದವರೇ ಹೆಚ್ಚು. ಮುಂದೆ ಬೆಂಗಳೂರಿನಲ್ಲಿ 'ಅಭಿನಯ ತರಂಗ' ಎಂಬ ಭಾನುವಾರದ ರಂಗಶಾಲೆ ಕಟ್ಟಿದವರೂ ಅವರೇ.

ಇದೇ ಉಪಾಯ ಪಂಜಾಬಿನಲ್ಲೂ ನಡೆಯಿತು. ಲಾಹೋರ್ ರೇಡಿಯೊದ ಹಳ್ಳಿಗರ ಕಾರ್ಯಕ್ರಮದಲ್ಲಿ 'ನಿಜಾಮ್ ದೀನ್' ಎಂಬ ಮಾತುಗಾರ ಇದ್ದ. ದೇಶ ಎರಡಾದ ಮೇಲೂ ಗಡಿಯ ಈಚೆಯ ಪಂಜಾಬಿಗಳು ಅವನ ಮಾತಿಗಾಗಿ ಮುಳ್ಳು ತಿರುಗಿಸುತ್ತಿದ್ದರು. ಜಲಂಧರ್ ಆಕಾಶವಾಣಿಯಲ್ಲಿ 'ಠಂಡೂ ರಾಮ್' ಇದ್ದ. ಗಡಿ, ಯುದ್ಧ, ಪಾಸ್‌ಪೋರ್ಟ್ ಯಾವುದೂ ಆ ನಗೆಯನ್ನು ತಡೆಯಲಿಲ್ಲ.

ರೇಡಿಯೊ ನಗೆಗೆ ಒಂದು ವಿಶೇಷ ಗುಣವಿದೆ. ನರಸಿಂಹರಾಜು ತೆರೆಯ ಮೇಲೆ ಬಂದರೆ ಆ ಸಣಕಲು ಮೈ, ಉಬ್ಬುಹಲ್ಲು, ಕಣ್ಣಿನ ಓಟವೇ ಅರ್ಧ ನಗಿಸುತ್ತಿತ್ತು. ಕನ್ನಡ ಬಾರದವನೂ ಅಷ್ಟು ನಗಬಹುದು. ರೇಡಿಯೊದಲ್ಲಿ ಮುಖವಿಲ್ಲ, ಜಾರಿ ಬೀಳುವ ದೃಶ್ಯವಿಲ್ಲ. ನಗೆಯ ಪೂರ್ತಿ ಭಾರ ಮಾತಿನ ಮೇಲೆ ಬೀಳುತ್ತದೆ. ಯಾರು ಮಾತಾಡುತ್ತಿದ್ದಾರೆ, ವಯಸ್ಸೆಷ್ಟು, ಯಾವ ಊರು, ಸಿಟ್ಟೋ ಸಲಿಗೆಯೋ ಎಲ್ಲವೂ ದನಿಯಲ್ಲೇ ತಿಳಿಯಬೇಕು. "ಬಂದ" ಎನ್ನುವವನು ಬೇರೆ, "ಬಂದೌನೆ" ಎನ್ನುವವನು ಬೇರೆ. ಭಾಷೆಯನ್ನು ಮಗುವಿನ ಕಿವಿಗೆ ಇಳಿಸಬೇಕೆಂದರೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಕಾರ್ ಓಡಿಸುತ್ತಲೋ ಅಡುಗೆ ಮಾಡುತ್ತಲೋ ಮನೆಮಂದಿಯೆಲ್ಲ ಒಟ್ಟಿಗೆ ಕೇಳಬಹುದು ಎಂಬುದು ಇನ್ನೊಂದು ಅನುಕೂಲ. ಮೊಬೈಲಿನ ಪರದೆಯನ್ನು ಒಬ್ಬೊಬ್ಬರೇ ನೋಡುತ್ತೇವೆ. ದನಿಯನ್ನು ನಾಲ್ಕು ಜನ ಹಂಚಿಕೊಳ್ಳುತ್ತೇವೆ.

ಸೌತಾಲ್ ಕಂಡುಕೊಂಡ ದಾರಿ

ಪರದೇಶದ ರೇಡಿಯೊದಲ್ಲಿ ಪಂಜಾಬಿಗಳು ನಮಗಿಂತ ಬಹಳ ಮುಂದೆ ಹೋದರು. ಲಂಡನ್ನಿನ ಪಶ್ಚಿಮಕ್ಕಿರುವ ಸೌತಾಲ್‌ನಲ್ಲಿ ಕಾರ್ಖಾನೆಗಳ, ಹೀಥ್ರೂ ವಿಮಾನ ನಿಲ್ದಾಣದ ಕೆಲಸಕ್ಕೆಂದು ಬಂದವರು ಒತ್ತೊತ್ತಾಗಿ ನೆಲೆಸಿದರು. 1989ರಲ್ಲಿ ಅಲ್ಲಿ 'ಸನ್‌ರೈಸ್ ರೇಡಿಯೊ' ದಿನದ 24 ಗಂಟೆಯ ಪ್ರಸಾರ ಶುರು ಮಾಡಿತು. 2002ರಲ್ಲಿ ಅಲ್ಲಿನ ಪಂಜಾಬಿ ಸೆಂಟರ್ 'ದೇಸಿ ರೇಡಿಯೊ' ಎಂಬ ಸಮುದಾಯ ಕೇಂದ್ರವನ್ನು ಮಧ್ಯಮ ತರಂಗದ 1602ರಲ್ಲಿ ತೆರೆಯಿತು. ಮಾತು, ಹಾಡು ಎಲ್ಲ ಪಂಜಾಬಿಯಲ್ಲೇ.

ಕೆನಡಾದ ಕಥೆ ಇನ್ನೂ ಸ್ವಾರಸ್ಯದ್ದು. ವ್ಯಾಂಕೂವರ್ ಪಕ್ಕದ ಸರ್ರೆಯಲ್ಲಿ ಪಂಜಾಬಿಗಳ ಸಂಖ್ಯೆ ದೊಡ್ಡದು, ಕೆನಡಾದ ಲೈಸೆನ್ಸ್ ಸಿಗುವುದು ಕಷ್ಟ. ಕೆಲವು ಕೇಂದ್ರಗಳು ಗಡಿಯಾಚೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಟ್ರಾನ್ಸ್‌ಮಿಟರ್‌ಗಳನ್ನು ಹಿಡಿದು, ಅಲ್ಲಿಂದ ಕೆನಡಾದ ಅಡುಗೆಮನೆಗಳಿಗೆ ಪಂಜಾಬಿ ಹರಟೆ ಕಳಿಸಿದವು. 2014ರಲ್ಲಿ ಕೆನಡಾದ ಪ್ರಸಾರ ಪ್ರಾಧಿಕಾರ ಇದನ್ನು ನಿಲ್ಲಿಸುವಂತೆ ಕಟ್ಟುನಿಟ್ಟು ಮಾಡಬೇಕಾಯಿತು. ತಮ್ಮ ಭಾಷೆಯ ಹರಟೆಗಾಗಿ ಎರಡು ದೇಶಗಳ ಕಾನೂನಿನ ಸಂದಿಯಲ್ಲಿ ನುಸುಳಿದ ಜನ ಅವರು.

ಬ್ರಿಟನ್ನಿನಲ್ಲೇ ಹುಟ್ಟಿ ಬೆಳೆದ ಮಕ್ಕಳು ಇನ್ನೊಂದು ದಾರಿ ಹಿಡಿದರು. 1996ರಲ್ಲಿ ಬಿಬಿಸಿ ರೇಡಿಯೊ 4ರಲ್ಲಿ 'ಗುಡ್‌ನೆಸ್ ಗ್ರೇಷಿಯಸ್ ಮಿ' ಎಂಬ ಹಾಸ್ಯ ಕಾರ್ಯಕ್ರಮ ಬಂತು. 1998ರಲ್ಲಿ ಅದು ಟಿ.ವಿ.ಗೆ ಏರಿತು. ಮೀರಾ ಸ್ಯಾಲ್, ಸಂಜೀವ್ ಭಾಸ್ಕರ್, ಕುಲ್ವಿಂದರ್ ಘೀರ್, ನೀನಾ ವಾಡಿಯಾ ಅದರ ಮುಖ್ಯ ದನಿಗಳು. ಜಗತ್ತಿನ ಎಲ್ಲವೂ ಇಂಡಿಯಾದ್ದೇ ಎಂದು ವಾದಿಸುವ ಅಪ್ಪ, ಹೋಟೆಲಿನ ಊಟವನ್ನು ಮನೆಯಲ್ಲಿ ಪುಕ್ಕಟೆ ಮಾಡಿಬಿಡುತ್ತೇನೆ ಎನ್ನುವ ಅಮ್ಮ ಅದರ ಪಾತ್ರಗಳು. ಕುಡಿದು ಇಂಡಿಯನ್ ಹೋಟೆಲಿಗೆ ನುಗ್ಗುವ ಇಂಗ್ಲಿಷರನ್ನು ತಿರುವುಮುರುವು ಮಾಡಿ, ಮುಂಬೈಯ ಗೆಳೆಯರು ಇಂಗ್ಲಿಷ್ ಊಟಕ್ಕೆ ಹೋಗಿ ಇರುವುದರಲ್ಲೇ ಸಪ್ಪೆಯದನ್ನು ಕೊಡು ಎಂದು ಗಲಾಟೆ ಮಾಡುವ ಪ್ರಸಂಗ ಅದರಲ್ಲಿ ಬಹಳ ಹೆಸರಾಯಿತು. ಅಪ್ಪ ಅಮ್ಮಂದಿರ ಉಚ್ಚಾರಣೆಯನ್ನು ಶಾಲೆಯಲ್ಲಿ ಅಣಕಿಸಿಕೊಂಡು ಬೆಳೆದ ಮಕ್ಕಳು ಅದೇ ಉಚ್ಚಾರಣೆಯಿಂದ ಇಡೀ ದೇಶವನ್ನು ನಗಿಸಿದರು.

ಆದರೆ ಆ ಕಾರ್ಯಕ್ರಮದ ಭಾಷೆ ಇಂಗ್ಲಿಷ್. ಅದು ಮಕ್ಕಳಿಗೆ ತಮ್ಮ ಮನೆಯ ಬಗ್ಗೆ ನಾಚಿಕೆ ಬಿಡಿಸಿತು, ಪಂಜಾಬಿ ಕಲಿಸಲಿಲ್ಲ. ಭಾಷೆಯನ್ನು ಕಾದದ್ದು ದೇಸಿ ರೇಡಿಯೊದಂಥ ಸಣ್ಣ ಕೇಂದ್ರಗಳು. ಹೆಮ್ಮೆ ಉಳಿಯಲು ಒಂದು ಬೇಕು, ಮಾತು ಉಳಿಯಲು ಇನ್ನೊಂದು ಬೇಕು.

ಚದುರಿದವರಿಗೆ ಯಾವ ತರಂಗ?

ಪಂಜಾಬಿಗಳ ದಾರಿಯನ್ನು ನಾವು ಹಾಗೇ ಹಿಡಿಯಲು ಆಗುವುದಿಲ್ಲ. ಸೌತಾಲ್‌ನಲ್ಲಿ ಕೆಲವೇ ಮೈಲಿಗಳೊಳಗೆ ಸಾವಿರಾರು ಪಂಜಾಬಿ ಮನೆಗಳಿವೆ. ಒಂದು ಪುಟ್ಟ ಟ್ರಾನ್ಸ್‌ಮಿಟರ್ ಸಾಕು. ತೆಂಗಿನ ಸೀಮೆಯವರು ಹಾಗೆ ಒಂದೆಡೆ ಗುಂಪಾಗಲಿಲ್ಲ. ತಿಪಟೂರಿನಲ್ಲಿ ರೈಲು ಹತ್ತಿದ ಮೊದಲ ತಲೆಮಾರು ಬೆಂಗಳೂರಿನ ಬಡಾವಣೆ ಬಡಾವಣೆಗೆ ಹಂಚಿಹೋಯಿತು. ಅವರ ಮಕ್ಕಳು ಒಬ್ಬ ಕ್ಯಾಲಿಫೋರ್ನಿಯಾ, ಒಬ್ಬಳು ಲಂಡನ್, ಇನ್ನೊಬ್ಬ ಸಿಂಗಪುರ ಎಂದು ಹರಡಿದರು.

ಹಾಗಾಗಿ ಪರದೇಶದ ಕನ್ನಡಿಗರ ನಗೆ ಬಹುಕಾಲ ವೇದಿಕೆಯ ನಗೆಯಾಗಿತ್ತು. ಬ್ರಿಟನ್ನಿನಲ್ಲಿ 1983ರಿಂದ ಕನ್ನಡ ಬಳಗ ಇದೆ. ಅಮೆರಿಕದ ಕನ್ನಡ ಕೂಟಗಳ ಆಗರ 'ಅಕ್ಕ' 1998ರಲ್ಲಿ, 'ನಾವಿಕ' ಆಮೇಲೆ ಬಂದವು. ಇಂಥ ಸಂಘಗಳ ಸಮ್ಮೇಳನಗಳಿಗೆ ಊರಿನಿಂದ ನಗೆಗಾರರನ್ನು ಕರೆಸುವುದು ಈಗ ಸಂಪ್ರದಾಯವೇ ಆಗಿದೆ. ಗಂಗಾವತಿ ಪ್ರಾಣೇಶ್, ಪ್ರೊ. ಎಂ. ಕೃಷ್ಣೇಗೌಡರಂಥವರ ದನಿ ಕಡಲಾಚೆಯ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಎರಡು ಗಂಟೆ ಹೊಟ್ಟೆ ಹುಣ್ಣಾಗುವಂತೆ ನಕ್ಕು ಮನೆಗೆ ಹೋಗುತ್ತಾರೆ. ಮುಂದಿನ ನಗೆಗೆ ಮುಂದಿನ ಸಮ್ಮೇಳನ ಬರಬೇಕು.

ಇಂಟರ್‌ನೆಟ್ ಈ ಕಾಯುವಿಕೆಯನ್ನು ತಪ್ಪಿಸಿತು. ಸರ್ಕಾರಿ ಆಕಾಶವಾಣಿಯ ಆ್ಯಪ್ ಇದ್ದರೆ ಬೆಂಗಳೂರು ಕೇಂದ್ರವನ್ನು ಬಾಸ್ಟನ್‌ನಲ್ಲೂ ಕೇಳಬಹುದು. 'ನಮ್ ರೇಡಿಯೊ', 'ರೇಡಿಯೊ ಗಿರ್ಮಿಟ್' ಎಂಬ ಅಂತರ್ಜಾಲ ಬಾನುಲಿಗಳು ಹೊರನಾಡ ಕನ್ನಡಿಗರನ್ನೂ ಕೇಳುಗರೆಂದು ಲೆಕ್ಕಕ್ಕೆ ಹಿಡಿದು ಹುಟ್ಟಿದವು. ಗಿರ್ಮಿಟ್ ಎಂದು ಹೆಸರಿಡುವಾಗಲೇ ಆ ತಂಡ ಹುಬ್ಬಳ್ಳಿ, ಧಾರವಾಡದ ಚುರುಮುರಿಯ ಘಮವನ್ನೂ ಜೊತೆಗೆ ಕಳಿಸಿತು. 2019ರಲ್ಲಿ ಶುರುವಾದ 'ತಲೆ-ಹರಟೆ' ಪಾಡ್‌ಕಾಸ್ಟ್ ಗಂಭೀರ ವಿಷಯಗಳನ್ನೂ ಗೆಳೆಯರ ಹರಟೆಯ ಧಾಟಿಯಲ್ಲಿ ಹೇಳಬಹುದೆಂದು ತೋರಿಸಿತು.

ಎಲ್ಲಕ್ಕಿಂತ ದೊಡ್ಡ ಪ್ರಸಾರ ಕೇಂದ್ರ ಮಾತ್ರ ಪ್ರತಿ ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿದೆ. ಅಕ್ಷರ ಒತ್ತಲು ಬಾರದ ಅಜ್ಜಿಯರಿಗೆ ವಾಯ್ಸ್ ಮೆಸೇಜ್ ವರವಾಗಿ ಬಂತು. ಇಂಥ ಮಾತುಕತೆಗಳ ಒಂದು ಮಾದರಿ ಹೀಗಿರುತ್ತದೆ:

"ಅಲ್ಲಿ ಕಾಯಿ ಸಿಗ್ತಾವೇನ್ಲಾ ಮಗ?"

"ಸಿಗ್ತವೆ ಅಜ್ಜಿ. ಒಂದಕ್ಕೆ ಎರಡು ಡಾಲರ್."

"ಅಂದ್ರೆ ಎಷ್ಟಾತು?"

"ನೂರೈವತ್ ರೂಪಾಯಿ ಮೇಲಾಗುತ್ತೆ."

"ಅಯ್ಯೋ ನಿನ್ ಮನೆ ಹಾಳಾಗ! ಅಷ್ಟು ಓದ್ಕಂಡು ಅಲ್ಲಿಗೆ ಹೋದೋನು ಕಾಯಿ ಮಾರೋದ್ ಬಿಟ್ಟು ಕಂಪೂಟ್ರು ಕುಟ್ತಾ ಕೂತಿದೀಯಲ್ಲೋ!"

ಈ ಬೈಗುಳದಲ್ಲಿ ಪ್ರೀತಿ ಎಷ್ಟಿದೆ ಎಂಬುದನ್ನು ಯಾವ ಪಠ್ಯಪುಸ್ತಕವೂ ಕಲಿಸಲಾರದು. ಕೇಳಿ ಕೇಳಿಯೇ ತಿಳಿಯಬೇಕು.

ನಮ್ಮನ್ನು ನೋಡಿ ನಗುವವರು, ನಮ್ಮ ಜೊತೆ ನಗುವವರು

ಇಲ್ಲೊಂದು ಎಚ್ಚರವೂ ಬೇಕು. "ಐತೆ", "ಹೋಗವ್ನೆ", "ಏನ್ಲಾ" ಎನ್ನುವ ನಮ್ಮ ಮಾತನ್ನು ಸಿನಿಮಾ, ಧಾರಾವಾಹಿಗಳು ಹಲವು ಸಲ ಪೆದ್ದನ ಬಾಯಿಗೆ, ಆಳಿನ ಬಾಯಿಗೆ ಹಾಕಿ ಬಿಟ್ಟಿವೆ. ನಾಯಕ ಪುಸ್ತಕದ ಕನ್ನಡ ಆಡುತ್ತಾನೆ, ಅವನ ಹಿಂದೆ ಚೀಲ ಹೊತ್ತು ಬರುವವನು ತುಮಕೂರು ಕನ್ನಡ ಆಡುತ್ತಾನೆ. ನೋಡುವವರು ಮಾತು ಕೇಳಿಯೇ ನಗುತ್ತಾರೆ. ಅವನು ಏನು ಹೇಳಿದ ಎಂಬುದಕ್ಕೆ ಬೆಲೆಯಿಲ್ಲ. ಖಾಸಗಿ ಎಫ್‌.ಎಂ.ಗಳಲ್ಲಿ ಬಂದ ಎಷ್ಟೋ ತಮಾಷೆ ಫೋನ್ ಕರೆಗಳೂ ಹಳ್ಳಿಯ ಅಮಾಯಕನನ್ನು ಸಿಕ್ಕಿಸಿ ನಗುವ ಜಾತಿಯವು. ಇಂಥ ನಗೆಯನ್ನು ಕೇಳಿ ಬೆಳೆದ ಮಗು ಅಜ್ಜಿಯ ಮಾತಿಗೆ ನಾಚುತ್ತದೆ. ಗೆಳೆಯರ ಮುಂದೆ ಫೋನನ್ನು ಸ್ಪೀಕರಿನಿಂದ ತೆಗೆಯುತ್ತದೆ.

ಬೇಕಿರುವುದು ಆ ಮಾತಾಡುವವರೇ ಜಾಣರಾಗಿರುವ ನಗೆ. ಗುಬ್ಬಿ ವೀರಣ್ಣನವರ ಕಳ್ಳ ಹೆಸರಾದದ್ದು ಅವನ ಚುರುಕು ಬುದ್ಧಿಗೆ. ಮನೆಯ ಅಜ್ಜಿಯೂ ಹಾಗೆಯೇ, ಡಾಲರಿನ ಲೆಕ್ಕವನ್ನು ಒಂದೇ ಏಟಿಗೆ ಮಗುಚಿ ಹಾಕುತ್ತಾಳೆ. ಅಂಥ ನಗೆಗೆ ಸರಕು ನಮ್ಮಲ್ಲಿ ಧಾರಾಳವಾಗಿದೆ. ಹಳ್ಳಿಗಳಲ್ಲಿ ಇಂದಿಗೂ 'ಕುರುಕ್ಷೇತ್ರ' ನಾಟಕ ಆಡುತ್ತಾರೆ. ದುಡ್ಡು ಹಾಕಿ ಪಾತ್ರ ಹಿಡಿಯುವವರು, ದುರ್ಯೋಧನನ ಪಾತ್ರಕ್ಕೆ ಪೈಪೋಟಿ, ಹಾರ್ಮೋನಿಯಂ ಮೇಷ್ಟ್ರ ಸಿಟ್ಟು, ಬೆಂಗಳೂರಿನಿಂದ ಬಸ್ಸು ತಡವಾಗಿ ಬಂದು ನೇರವಾಗಿ ರಂಗಕ್ಕೆ ಏರುವ ಕೃಷ್ಣ. ತಿಪಟೂರಿನ ಸತ್ಯಗಣಪತಿ ಉತ್ಸವದ ಗಲಾಟೆ, ತುರುವೇಕೆರೆಯ ಬೇಟೆರಾಯಸ್ವಾಮಿ ತೇರಿನ ದಿನದ ನೆಂಟರು, ನುಸಿ ರೋಗಕ್ಕೆ ಒಬ್ಬೊಬ್ಬರು ಹೇಳುವ ಒಂದೊಂದು ಮದ್ದು, ಹೇಮಾವತಿ ನೀರು ಬಂತು ಬಂತು ಎಂದು ಕಾಯುವವರ ಜೋಕು. ದಿನಕ್ಕೆ ಹತ್ತು ನಿಮಿಷ ಪ್ರಸಾರ ಮಾಡಿದರೂ ವರ್ಷಗಟ್ಟಲೆ ಸಾಲುವಷ್ಟು ಸರಕು.

ನೂರು ವ್ಯಾಟಿನ ಅವಕಾಶ

ಈ ಸರಕನ್ನು ಯಾರು ಪ್ರಸಾರ ಮಾಡಬೇಕು? ಕಾನೂನು ಬಾಗಿಲು ತೆರೆದು ಬಹಳ ಕಾಲವಾಗಿದೆ. ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿ ಹೇಳಿತು. ಮರುವರ್ಷ ಬೆಂಗಳೂರಿನಲ್ಲೇ ಸಮುದಾಯ ಬಾನುಲಿಗಾಗಿ ಒಂದು ಘೋಷಣೆ ಹೊರಟಿತು. ಲೈಸೆನ್ಸ್ ಸಿಗದ ಕಾಲದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯ ಹೆಂಗಸರು, ಯುವಕರು 'ನಮ್ಮ ಧ್ವನಿ' ಎಂಬ ಹೆಸರಿನಲ್ಲಿ ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಕಾರ್ಯಕ್ರಮ ಮುಟ್ಟಿಸಿದರು. 2002ರಲ್ಲಿ ವಿದ್ಯಾಸಂಸ್ಥೆಗಳಿಗೆ, 2006ರ ನವೆಂಬರ್‌ನಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ, ಕೃಷಿ ವಿಶ್ವವಿದ್ಯಾಲಯಗಳಿಗೆ, ಕೃಷಿ ವಿಜ್ಞಾನ ಕೇಂದ್ರಗಳಿಗೆ ಅನುಮತಿಯ ದಾರಿ ಸುಗಮವಾಯಿತು. ಈಗ ದೇಶದಲ್ಲಿ ಇಂಥ 500ಕ್ಕೂ ಹೆಚ್ಚು ಕೇಂದ್ರಗಳಿವೆ. ಎಚ್.ಡಿ. ಕೋಟೆ ಸೀಮೆಯ ಸರಗೂರಿನ 'ಜನಧ್ವನಿ' ಕಾಡಂಚಿನ ಜನರ ಮಾತನ್ನು ಬಿತ್ತರಿಸುತ್ತದೆ. ನಮ್ಮ ಜಿಲ್ಲಾ ಕೇಂದ್ರ ತುಮಕೂರಿನಲ್ಲಿ 90.8ರಲ್ಲಿ 'ರೇಡಿಯೊ ಸಿದ್ಧಾರ್ಥ' ಇದೆ.

ಆದರೆ ಸಮುದಾಯ ಬಾನುಲಿಯ ಶಕ್ತಿಗೆ 100 ವ್ಯಾಟ್ ಮಿತಿ, ಗೋಪುರಕ್ಕೆ 30 ಮೀಟರ್ ಮಿತಿ. ದನಿ ಹತ್ತು, ಹದಿನೈದು ಕಿಲೋಮೀಟರ್ ಹೋದರೆ ಹೆಚ್ಚು. ತುಮಕೂರಿನ ತರಂಗ 70 ಕಿಲೋಮೀಟರ್ ಆಚೆಯ ತಿಪಟೂರಿಗೆ ಮುಟ್ಟುವುದಿಲ್ಲ. ಈ ಮಿತಿಯಲ್ಲೇ ಒಂದು ಅನುಕೂಲವಿದೆ. ಕೇಂದ್ರ ಅಷ್ಟು ಸಣ್ಣದಿದ್ದರೆ ಅದು ತನ್ನ ಹೋಬಳಿಯ ಮಾತನ್ನೇ ಆಡಬೇಕಾಗುತ್ತದೆ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧ ಸ್ಥಳೀಯವಾಗಿ ತಯಾರಾಗಬೇಕೆಂದು ನಿಯಮವೂ ಹೇಳುತ್ತದೆ. ರಾಜ್ಯಕ್ಕೆಲ್ಲ ಒಂದೇ ದನಿ ಕೊಡುವ ಖಾಸಗಿ ವಾಹಿನಿ ಎಂದೂ ಕೊಬ್ಬರಿ ಹರಾಜಿನ ಜೋಕು ಹೇಳುವುದಿಲ್ಲ, ಏಕೆಂದರೆ ಬಳ್ಳಾರಿಯಲ್ಲಿ ಅದಕ್ಕೆ ಯಾರೂ ನಗುವುದಿಲ್ಲ. ತಿಪಟೂರಿನಲ್ಲಿ ನಗುತ್ತಾರೆ. ಅದೇ ದನಿಯನ್ನು ಇಂಟರ್‌ನೆಟ್‌ಗೂ ಹರಿಸಿದರೆ ಡಲ್ಲಾಸ್‌ನ ತಿಪಟೂರಿನವನೂ ನಗುತ್ತಾನೆ. ಗಾಳಿಯ ತರಂಗ ಊರಿಗೆ, ಅಂತರ್ಜಾಲದ ತರಂಗ ಊರು ಬಿಟ್ಟವರಿಗೆ. ಕಾರ್ಯಕ್ರಮ ಒಂದೇ.

ಇದಕ್ಕೆ ಬೇಕಾದವರು ಈ ಸೀಮೆಯಲ್ಲೇ ಇದ್ದಾರೆ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ನಿಯಮದ ಪ್ರಕಾರ ಇಂಥ ಸಂಸ್ಥೆಗೆ ಅರ್ಜಿ ಹಾಕುವ ಅರ್ಹತೆ ಇದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ಕಾಲೇಜುಗಳಿವೆ. ನಾಟಕದ ಮೇಷ್ಟ್ರುಗಳಿದ್ದಾರೆ, ಭಜನಾ ತಂಡಗಳಿವೆ, ನಿವೃತ್ತ ಶಿಕ್ಷಕರಿದ್ದಾರೆ. ಹೊರಗೆ ಹೋಗಿ ನೆಲೆಸಿದವರು ಪ್ರತಿ ವರ್ಷ ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಶಾಲೆಯ ಕೊಠಡಿಗೆ ಚಂದಾ ಕಳಿಸುತ್ತಾರೆ. ಅದರ ಒಂದು ಪಾಲು ಮೈಕಿಗೂ ಬಂದರೆ ತಪ್ಪಿಲ್ಲ.

ನಗೆಯ ಕಾರ್ಯಕ್ರಮವನ್ನು ಹಾಸ್ಯ ಭಾಷಣ ಮಾಡಬೇಡಿ. ಇಬ್ಬರು ಮಾತಾಡಲಿ, ಒಬ್ಬರು ಎಲ್ಲ ಬಲ್ಲವರು, ಇನ್ನೊಬ್ಬರು ಯಾವುದನ್ನೂ ನಂಬದವರು. ಈರಣ್ಣ, ನಿಜಾಮ್ ದೀನ್‌ರ ಕಾಲದಿಂದ ಗೆದ್ದು ಬಂದ ಸೂತ್ರ ಅದು. ಪ್ರತಿದಿನ ಒಂದೇ ಹೊತ್ತಿಗೆ ಬರಲಿ. ವಾರಕ್ಕೊಮ್ಮೆ ಪರದೇಶದ ಮಗುವಿಗೆ ಫೋನ್ ಹೋಗಲಿ. ಅದರ ಕನ್ನಡ ತಪ್ಪಿದರೆ ತಿದ್ದಬೇಡಿ, ಅದೇ ನಮ್ಮನ್ನು ನೋಡಿ ನಗಲಿ. ಊರಿನ ಬಗ್ಗೆ ತಮಾಷೆ ಮಾಡಲು ಧೈರ್ಯ ಬಂದ ಮಗು ಊರನ್ನು ತನ್ನದೆಂದು ಒಪ್ಪಿಕೊಂಡಿರುತ್ತದೆ.

ಕೇಂದ್ರ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಮನೆಯಲ್ಲಿ ಮಾತುಗಾರ ತಾತನೋ ಅಜ್ಜಿಯೋ ಇದ್ದರೆ ಈ ಭಾನುವಾರ ಮೊಬೈಲ್ ಮುಂದಿಟ್ಟು ಅವರಿಗೆ ಕೊಬ್ಬರಿ ರೇಟ್ ಕೇಳಿ. ಉತ್ತರವನ್ನು ರೆಕಾರ್ಡ್ ಮಾಡಿ, ಊರು, ತಾರೀಖು ಬರೆದಿಟ್ಟು, ದೂರದ ಮೊಮ್ಮಕ್ಕಳಿಗೆ ಕಳಿಸಿ. ಅರ್ಥ ವಿವರಿಸಲು ಮಾತ್ರ ಹೋಗಬೇಡಿ. ಮೊದಲ ಸಲ ನಗದಿದ್ದರೆ ನಾಲ್ಕನೆಯ ಸಲ ನಗುತ್ತಾರೆ.